ಮೆದಕ್‌ನಿಂದ ಕಲಬುರಗಿಗೆ: ದಾರಿಯಲ್ಲಿ ಇಳಿದು ನೋಡಬೇಕಾದ ಕಲ್ಲುಗಳು



ಇಸ್ರಾಯೇಲ್ಯರು ಯೊರ್ದನ್ ನದಿ ದಾಟಿದಾಗ ನದಿಯೊಳಗಿಂದ 12 ಕಲ್ಲುಗಳನ್ನು ಹೊತ್ತು ತಂದು ಗಿಲ್ಗಾಲಿನಲ್ಲಿ ನಿಲ್ಲಿಸಿದರು (ಯೆಹೋಶುವ 4). ಮುಂದೆ ಮಕ್ಕಳು ಈ ಕಲ್ಲು ಯಾಕೆ ಎಂದು ಕೇಳಬೇಕು, ಹಿರಿಯರು ಅದರ ಕಥೆ ಹೇಳಬೇಕು ಎಂಬುದೇ ಅದರ ಉದ್ದೇಶ. ನಮ್ಮ ಸೀಮೆಯಲ್ಲಿಯೂ ಅಂಥ ಕಲ್ಲುಗಳಿಗೆ ಕೊರತೆ ಇಲ್ಲ. ಕೇಳುವವರು ಮಾತ್ರ ಕಡಿಮೆ.

ರಾಯಿಕೋಡ್ ಸುತ್ತಿನ ನಮಗೆ ಒಂದು ಕಡೆ ಮೆದಕ್, ಇನ್ನೊಂದು ಕಡೆ ಬೀದರ್, ಕಲಬುರಗಿ. ಕೂಟಕ್ಕೆ, ಮದುವೆಗೆ, ಆಸ್ಪತ್ರೆಗೆ ಎಂದು ಈ ದಾರಿಯಲ್ಲಿ ಓಡಾಡುತ್ತಲೇ ಇರುತ್ತೇವೆ. ಗಾಡಿ ಹತ್ತಿದ ಕೂಡಲೇ ಫೋನ್ ತೆಗೆಯುತ್ತೇವೆ, ಇಲ್ಲವೇ ನಿದ್ದೆ ಹೋಗುತ್ತೇವೆ. ಮುಂದಿನ ಸಲ ಈ ಕೆಲವು ಕಡೆ ಇಳಿದು ನೋಡೋಣ.

ಮೆದಕ್: ಹಸಿದವರು ಕಟ್ಟಿದ ದೇವಾಲಯ

ವೆಸ್ಲಿಯನ್ ಮೆಥಡಿಸ್ಟ್ ಮಿಷನರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಅವರ ಮುಂದಾಳತ್ವದಲ್ಲಿ ಮೆದಕ್ ದೇವಾಲಯದ ಕೆಲಸ 1914ರಲ್ಲಿ ಶುರುವಾಯಿತು. 1924ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನ, ಅದರ ಪ್ರತಿಷ್ಠೆ ನಡೆಯಿತು. ಅಗಲ 100 ಅಡಿ, ಉದ್ದ 200 ಅಡಿ, ಗೋಪುರ ಸುಮಾರು 175 ಅಡಿ. ಚಾರ್ಮಿನಾರ್‌ಗಿಂತ ಇದೇ ಎತ್ತರ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಚಾರ್ಮಿನಾರ್ ಸುಮಾರು 184 ಅಡಿ ಇದೆ. ನಮ್ಮದು ಎಂಬ ಅಭಿಮಾನಕ್ಕೂ ಸುಳ್ಳು ಅಳತೆ ಬೇಕಾಗಿಲ್ಲ.

ಒಳಗಿನ ಬಣ್ಣದ ಗಾಜಿನ ಮೂರು ಕಿಟಕಿಗಳನ್ನು ಹಗಲಿನಲ್ಲೇ ನೋಡಬೇಕು. ಹೊರಗಿನ ಬೆಳಕು ಇಲ್ಲದಿದ್ದರೆ ಒಳಗೆ ಕೂತವರಿಗೆ ಚಿತ್ರ ಕಾಣುವುದಿಲ್ಲ. ಸ್ವರ್ಗಾರೋಹಣದ ಕಿಟಕಿ 1927ರದು, ಯೇಸುವಿನ ಜನನದ್ದು 1947ರದು, ಶಿಲುಬೆಯದು 1958ರದು.

ಆದರೆ ಕಿಟಕಿಗಿಂತ ಮೊದಲು ಗೋಡೆಯ ಕಲ್ಲು ನೋಡಿ. ಅದು ಬರಗಾಲದ, ಮೊದಲ ಮಹಾಯುದ್ಧದ ಕಾಲ. ಹಸಿದು ಬಂದವರಿಗೆ ಬರೀ ಧರ್ಮದ ಅನ್ನ ಹಾಕುವ ಬದಲು, ಕೆಲಸ ಕೊಟ್ಟು ಅದರ ಪ್ರತಿಫಲವಾಗಿ ಊಟ ಕೊಡುವ ದಾರಿಯನ್ನು ಪಾಸ್ನೆಟ್ ಹಿಡಿದರು. ‘ಅನ್ನಕ್ಕಾಗಿ ಮತ ಸೇರಿದವರು’ ಎಂಬ ಚುಚ್ಚುಮಾತು ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದಿದೆ. ಮೆದಕ್‌ನ ಕಲ್ಲುಗಳೇ ಅದಕ್ಕೆ ಉತ್ತರ. ಅಲ್ಲಿ ಅನ್ನ ಬೆವರಿಗೆ ಸಿಕ್ಕ ಕೂಲಿ. ಆ ಸೀಮೆಯ ಸಭೆಗಳಿಗೆ ಸೇರಿದವರಲ್ಲಿ ಬಹಳ ಮಂದಿ ಮಾಲ, ಮಾದಿಗ ಕೇರಿಗಳ ಕೂಲಿಕಾರರು. ಊರ ಗುಡಿಯ ಹೊಸ್ತಿಲು ದಾಟಲು ಅವರಿಗೆ ಅವಕಾಶ ಇರಲಿಲ್ಲ. ಈ ದೊಡ್ಡ ದೇವಾಲಯದೊಳಗೆ ಅವರು ತಲೆ ಎತ್ತಿ ನಡೆದು ಹೋಗಿ ಕೂತರು. ಗೋಪುರದ ಎತ್ತರಕ್ಕಿಂತ ಇದು ದೊಡ್ಡ ಸಂಗತಿ.

ನಡುವೆ: ಕಲ್ಲಿಲ್ಲದ ಗಡಿ

ಜಹೀರಾಬಾದ್ ದಾಟಿ ಬೀದರ್ ಕಡೆ ತಿರುಗಿದರೆ ರಾಜ್ಯದ ಗಡಿ ಬರುತ್ತದೆ. 1956ರ ನವೆಂಬರ್ 1ರವರೆಗೆ ಇಲ್ಲಿ ಗಡಿಯೇ ಇರಲಿಲ್ಲ. ಜಹೀರಾಬಾದ್, ನಾರಾಯಣಖೇಡ್ ತಾಲ್ಲೂಕುಗಳು ಬೀದರ್ ಜಿಲ್ಲೆಯವು, ತಾಂಡೂರು ಗುಲ್ಬರ್ಗ ಜಿಲ್ಲೆಯದು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಜಹೀರಾಬಾದಿನ ಬಹುಭಾಗ, ನಾರಾಯಣಖೇಡ್ ಮತ್ತು ನ್ಯಾಲ್ಕಲ್ ಮೆದಕ್ ಜಿಲ್ಲೆಗೆ, ತಾಂಡೂರು ಹೈದರಾಬಾದ್ ಜಿಲ್ಲೆಗೆ ಸೇರಿದವು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಭಾಗ ಮಾತ್ರ ಆಚೆಯೇ ಉಳಿಯಿತು. ಹೀಗೆ ಕಚೇರಿಯ ಭಾಷೆ ಬದಲಾಯಿತು, ಮನೆಯ ಭಾಷೆ ಉಳಿಯಿತು. ಇವತ್ತಿಗೂ ನಮ್ಮ ಮನೆಗಳಲ್ಲಿ ಕನ್ನಡದ ಪ್ರಾರ್ಥನೆ, ತೆಲುಗಿನ ಕೀರ್ತನೆ ಎರಡೂ ಕೇಳುತ್ತವೆ.

ಸಭೆಗಳ ಇತಿಹಾಸವೂ ಇಲ್ಲಿ ಎರಡು ಕವಲು. ಮೆದಕ್ ಕಡೆ ಇಂಗ್ಲೆಂಡಿನ ವೆಸ್ಲಿಯನ್ನರ ಸೇವೆ. ಆ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಗೆ, ಅಂದರೆ ಸಿ.ಎಸ್.ಐ.ಗೆ ಸೇರಿದವು. ಬೀದರ್, ಕಲಬುರಗಿ ಕಡೆ ಅಮೆರಿಕದ ಮೆಥಡಿಸ್ಟರ ಸೇವೆ. ಆ ಸಭೆ 1981ರಲ್ಲಿ ‘ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ’ ಆಯಿತು. ಎರಡಕ್ಕೂ ಮೂಲ ಜಾನ್ ವೆಸ್ಲಿ ಒಬ್ಬರೇ.

ಬೀದರ್: ಒಂದು ಸುಳ್ಳು ಪತ್ರ

ಬೀದರ್‌ನಲ್ಲಿ ಕೋಟೆಗೆ ಹೋಗುವ ಮುಂಚೆ ಮಹಮೂದ್ ಗವಾನನ ಮದರಸಾ ಮುಂದೆ ನಿಲ್ಲಿ. ಗವಾನ್ ಇರಾನಿನ ಗೀಲಾನ್ ಸೀಮೆಯವನು. ವ್ಯಾಪಾರಕ್ಕೆ ಬಂದು ಬಹಮನಿ ಸುಲ್ತಾನರ ಪ್ರಧಾನಮಂತ್ರಿಯಾದ. 1472ರಲ್ಲಿ ಮೂರು ಅಂತಸ್ತಿನ ಈ ವಿದ್ಯಾಲಯ ಕಟ್ಟಿಸಿದ. ಪಾಠದ ಕೋಣೆ, ವಿದ್ಯಾರ್ಥಿಗಳು ಉಳಿಯುವ ಕೋಣೆ, ಸುಮಾರು 3,000 ಹಸ್ತಪ್ರತಿಗಳ ಗ್ರಂಥಾಲಯ, ಎಲ್ಲವೂ ಇಲ್ಲಿದ್ದವು. 1696ರ ಸ್ಫೋಟದಲ್ಲಿ ಮುಂಭಾಗದ ಅರ್ಧ ಬಿದ್ದುಹೋಯಿತು. ಉಳಿದ ಒಂದು ಮಿನಾರಿನ ಮೇಲೆ ನೀಲಿ, ಹಸಿರು ಹೆಂಚಿನ ತುಣುಕುಗಳು ಈಗಲೂ ಕಾಣುತ್ತವೆ.

ಗವಾನ್ ಆಡಳಿತವನ್ನು ಬಿಗಿ ಮಾಡಿ ಪ್ರಾಂತಗಳ ಸರದಾರರ ಅಧಿಕಾರ ಕಡಿಮೆ ಮಾಡಿದ್ದ. ಅವರಿಗೆ ಹೊಟ್ಟೆಕಿಚ್ಚು. ಅವನ ಮುದ್ರೆ ಇಟ್ಟುಕೊಂಡಿದ್ದವನನ್ನು ಒಲಿಸಿ, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ನಮ್ಮ ರಾಜ್ಯದ ಮೇಲೆ ದಂಡೆತ್ತಿ ಬಾ ಎಂದು ಒಡಿಶಾದ ರಾಜನಿಗೆ ಗವಾನನೇ ಬರೆದಂತೆ ಅದರ ಮೇಲೆ ಪತ್ರ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ವಿಚಾರಿಸದೆ, 1481ರ ಏಪ್ರಿಲ್‌ನಲ್ಲಿ ಆ ವೃದ್ಧನ ತಲೆ ತೆಗೆಸಿದ. ಆಮೇಲೆ ಪತ್ರ ಸುಳ್ಳೆಂದು ತಿಳಿಯಿತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಕೆಲವು ದಶಕಗಳಲ್ಲಿ ಆ ರಾಜ್ಯ ಒಡೆದು ಐದು ಪಾಲಾಯಿತು.

ಬೈಬಲ್ ಓದುವ ನಮಗೆ ಈ ಕಥೆ ಹೊಸದಲ್ಲ. ನಾಬೋತನ ದ್ರಾಕ್ಷೇತೋಟಕ್ಕಾಗಿ ಈಜೆಬೆಲಳು ಅಹಾಬನ ಹೆಸರಿನಲ್ಲಿ ಪತ್ರ ಬರೆದು ಅವನದೇ ಮುದ್ರೆ ಒತ್ತಿದಳು (1 ಅರಸುಗಳು 21). ನಿರಪರಾಧಿ ಕಲ್ಲೇಟಿಗೆ ಸತ್ತ. ಈಗ ಮುದ್ರೆ ಬೇಕಿಲ್ಲ, ಒಂದು ಫಾರ್ವರ್ಡ್ ಸಾಕು. ಪಕ್ಕದ ಕೇರಿಯವರ ಬಗ್ಗೆ, ಮಸೀದಿಯವರ ಬಗ್ಗೆ, ನಮ್ಮದೇ ಸಭೆಯ ಒಬ್ಬರ ಬಗ್ಗೆ ಬಂದ ಮೆಸೇಜನ್ನು ಮುಂದಕ್ಕೆ ಕಳಿಸುವ ಮುಂಚೆ ಈ ಮುರಿದ ಗೋಡೆ ನೆನಪಾಗಲಿ. ಅಹಾಬನೂ ಸುಲ್ತಾನನೂ ಒಂದು ಮಾತು ವಿಚಾರಿಸಿದ್ದರೆ ಎರಡು ಜೀವ ಉಳಿಯುತ್ತಿದ್ದವು.

ಕಲಬುರಗಿ: ಅಂಗಳವಿಲ್ಲದ ಮಸೀದಿ

ಹುಮನಾಬಾದ್ ಮೇಲೆ ಹಾದು ಕಲಬುರಗಿ ತಲುಪಿದರೆ ಕೋಟೆಯೊಳಗಿನ 1367ರ ಜಾಮಿ ಮಸೀದಿ ನೋಡಿ. ಸಾಮಾನ್ಯವಾಗಿ ದೊಡ್ಡ ಮಸೀದಿಗಳಿಗೆ ತೆರೆದ ಅಂಗಳ ಇರುತ್ತದೆ, ಇದಕ್ಕೆ ಪೂರ್ತಿ ಮೇಲ್ಛಾವಣಿ. ಕಮಾನುಗಳ ಸಾಲಿನಲ್ಲಿ ಸುಮ್ಮನೆ ನಡೆದು ಬನ್ನಿ. ಬೀದರ್‌ಗಿಂತ ಮುಂಚೆ ಬಹಮನಿಗಳ ರಾಜಧಾನಿ ಇದೇ ಊರು.

ಹೊರಡುವ ಮುಂಚೆ

ಗುಂಪಾಗಿ ಹೋಗುವುದಾದರೆ ಮೆದಕ್‌ನಿಂದ ಬೆಳಿಗ್ಗೆ ಬೇಗ ಹೊರಡಿ, ಬೀದರ್‌ಗೆ ಎರಡು ತಾಸು ಇಟ್ಟುಕೊಳ್ಳಿ. ರೊಟ್ಟಿ, ಶೇಂಗಾ ಚಟ್ನಿ, ನೀರು ಜೊತೆಗಿರಲಿ. ಮದರಸಾದಲ್ಲಿ, ಮಸೀದಿಯಲ್ಲಿ ನಮ್ಮ ದೇವಾಲಯದಲ್ಲಿ ಇರುವಷ್ಟೇ ಮರ್ಯಾದೆಯಿಂದ ಇರಿ.

ಇನ್ನೊಂದು ಕೆಲಸ. ಪಾಸ್ನೆಟ್ ಹೆಸರು ಪುಸ್ತಕಗಳಲ್ಲಿದೆ, ಕಲ್ಲು ಹೊತ್ತವರ ಹೆಸರು ಮನೆಗಳಲ್ಲಿ ಮಾತ್ರ ಉಳಿದಿರಬಹುದು. ನಿಮ್ಮ ಮನೆಯ ಮುತ್ತ್ಯಾ, ಅಮ್ಮಂದಿರನ್ನು ಕೇಳಿ: ನಮ್ಮವರು ಯಾರಾದರೂ ಮೆದಕ್ ದೇವಾಲಯದ ಕೆಲಸಕ್ಕೆ ಹೋಗಿದ್ದರೇ? ನಮ್ಮ ಮನೆಯಲ್ಲಿ ಮೊದಲು ದೀಕ್ಷಾಸ್ನಾನ ಪಡೆದವರು ಯಾರು? ಒಂದು ನೋಟ್‌ಬುಕ್‌ನಲ್ಲಿ ಹೆಸರು, ಊರು ಬರೆದಿಡಿ. ಹೇಳುವವರು ನಮ್ಮ ನಡುವೆ ಇರುವಾಗಲೇ ಕೇಳೋಣ.