ಆನೆ ಕಾಸು ಓದುವ ಭಾಯ್

ಶೋಳಿಂಗನಲ್ಲೂರಿಗೆ ಬಂದು ಹನ್ನೊಂದು ವರ್ಷವಾಯಿತು. ಕಂಪನಿ ಕೆಲಸ, ಬಾಡಿಗೆ ಮನೆ, ಮೆಟ್ರೋ ಕಂಬಗಳ ನಡುವೆ ತೆವಳುವ ಟ್ರಾಫಿಕ್ಕು. ಈ ಊರಲ್ಲಿ ನನಗೆ ಅಂತ ಇರೋದು ಒಂದೇ ಚಟ. ವರ್ಷಕ್ಕೆ ಎರಡು ಮೂರು ಸಲ ಎಲ್ಲೋ ಒಂದು ಕಲ್ಯಾಣ ಮಂಟಪದಲ್ಲಿ ನಾಣ್ಯ ಪ್ರದರ್ಶನ ನಡೆಯುತ್ತದೆ. ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಹೊರಟುಬಿಡುತ್ತೇನೆ. ಜೇಬಿನಲ್ಲಿ ಒಂದು ಭೂತಗನ್ನಡಿ, ಸಾವಿರ ರೂಪಾಯಿ. ಅದಕ್ಕಿಂತ ಹೆಚ್ಚು ಇಟ್ಟುಕೊಂಡರೆ ವಾಪಸ್ ಬರುವಾಗ ಮನೆಯಲ್ಲಿ ಉತ್ತರ ಹೇಳಬೇಕಾಗುತ್ತದೆ.

ಮೊದಲ ಸಲ ಹೋದಾಗ ನನಗೆ ನಾಣ್ಯಗಳ ಬಗ್ಗೆ ಏನೂ ಗೊತ್ತಿರಲಿಲ್ಲ. ಶ್ರೀರಂಗಪಟ್ಟಣದ ಹತ್ತಿರ ನಮ್ಮ ದಾದಿಯ ಪೆಟ್ಟಿಗೆಯಲ್ಲಿ ಒಂದು ದಪ್ಪ ತಾಮ್ರದ ಬಿಲ್ಲೆ ಇತ್ತು. ಒಂದು ಕಡೆ ಆನೆ, ಇನ್ನೊಂದು ಕಡೆ ಬರಹ. 'ಆನೆ ಕಾಸು' ಅನ್ನೋರು. ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಂಥದ್ದೇ ಒಂದು ಸಿಗಬಹುದೇನೋ ಅಂತ ಹೋಗಿದ್ದೆ. ಒಬ್ಬ ವ್ಯಾಪಾರಿ ನನ್ನ ಗಡ್ಡ ನೋಡಿ ಕರೆದ. "ಭಾಯ್, ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳ್ತೀರಾ?" ಚೆನ್ನೈಯಲ್ಲಿ ಮುಸ್ಲಿಮರೆಲ್ಲ ಭಾಯ್‌ಗಳೇ. ಅವನ ಮುಂದೆ ತಟ್ಟೆ ತುಂಬ ತಾಮ್ರದ ಕಾಸು, ಒಂದು ಚೀಟಿಯಲ್ಲಿ 'ಮೊಘಲ್' ಅಂತ ಬರೆದಿಟ್ಟಿದ್ದ. ನನಗೆ ಉರ್ದು ಗೊತ್ತು, ಫಾರಸಿ ಗೊತ್ತಿಲ್ಲ. ಆದರೂ ತಿರುಗಿಸಿ ತಿರುಗಿಸಿ ನೋಡಿದಾಗ ಒಂದು ಶಬ್ದ ಕಣ್ಣಿಗೆ ಬಿತ್ತು: ವಾಲಾಜಾಹ್. ಆರ್ಕಾಟಿನ ನವಾಬರ ಕಾಸು. ಅದರ ನಡುವೆ ನಾಲ್ಕೈದು ಆನೆಗಳೂ ಇದ್ದವು. ಓದಿದ್ದಕ್ಕೆ ಕೂಲಿಯಾಗಿ ಒಂದು ಆನೆಯನ್ನು ಅರ್ಧ ಬೆಲೆಗೆ ಕೊಟ್ಟ.

ಮನೆಗೆ ತಂದು ಇಸವಿ ಓದಲು ಹೋದರೆ 5121 ಅಂತ ಕಾಣುತ್ತಿದೆ! ನಕಲಿ ತಂದೆ ಅಂತಲೇ ಅಂದುಕೊಂಡೆ. ಆಮೇಲೆ ತಿಳಿಯಿತು, ಅದು 1215. ಅರಬಿ, ಫಾರಸಿ ಅಕ್ಷರಗಳು ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಮಾತ್ರ ನಾವು ಬರೆಯುವ ಹಾಗೆಯೇ ಎಡದಿಂದ ಬಲಕ್ಕೆ ಬರೆಯುತ್ತಾರೆ. ಟಿಪ್ಪು ಸುಲ್ತಾನ್ 1787ರ ಹೊತ್ತಿಗೆ ಹಿಜರಿ ಬಿಟ್ಟು, ಪ್ರವಾದಿಯವರ ಜನನದಿಂದ ಲೆಕ್ಕ ಹಾಕುವ ಮೌಲೂದಿ ಶಕೆ ತಂದ. ಅದರ ಜೊತೆಗೆ ಅಂಕಿಗಳನ್ನೂ ಅಕ್ಷರಗಳ ಹಾಗೆ ಬಲದಿಂದ ಎಡಕ್ಕೆ ತಿರುಗಿಸಿಬಿಟ್ಟ. ಹಾಗಾಗಿ ಅವನ ಕಾಸುಗಳಲ್ಲಿ ಹಿಜರಿ 1200 ಆದ ಸ್ವಲ್ಪದರಲ್ಲೇ 1215 ಬಂದುಬಿಡುತ್ತದೆ. ಗೊತ್ತಿಲ್ಲದವರಿಗೆ ನಡುವಿನ ಹದಿಮೂರು ವರ್ಷ ಎಲ್ಲಿ ಹೋಯಿತು ಅನ್ನೋ ಗಾಬರಿ. ಈಗ ನನ್ನಲ್ಲಿ 1221ರ ಒಂದು ಪೈಸೆಯೂ ಇದೆ. ಅದನ್ನು ಎತ್ತ ಕಡೆಯಿಂದ ಓದಿದರೂ 1221ನೇ. ಮಗಳಿಗೆ ಅದೇ ಇಷ್ಟ.

ಟಿಪ್ಪು ತನ್ನ ನಾಣ್ಯಗಳಿಗೆ ಇಟ್ಟ ಹೆಸರುಗಳನ್ನು ನಮ್ಮವರೇ ಬಹಳಷ್ಟು ಜನ ಕೇಳಿಲ್ಲ. ನಾಲ್ಕು ವರಹದ ಚಿನ್ನದ ನಾಣ್ಯ ಅಹ್ಮದಿ, ಎರಡು ವರಹದ್ದು ಸಿದ್ದೀಕಿ, ಒಂದು ವರಹ ಫಾರೂಕಿ. ಬೆಳ್ಳಿಯಲ್ಲಿ ಎರಡು ರೂಪಾಯಿ ಹೈದರಿ. ಅದು ಅಪ್ಪನ ಹೆಸರು ಅಂತ ಅನಿಸುತ್ತದೆ, ಹಜ್ರತ್ ಅಲಿಯವರ ಬಿರುದೂ ಹೌದು. ರೂಪಾಯಿ ಇಮಾಮಿ. ಅದರ ಕೆಳಗಿನ ಚಿಲ್ಲರೆ ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ: ನಾಲ್ಕನೇ ಇಮಾಮರಿಂದ ಏಳನೇ ಇಮಾಮರವರೆಗೆ ಸಾಲಾಗಿ. ತಾಮ್ರಕ್ಕೆ ಬಂದರೆ ಆಕಾಶ. ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್ ಅಂದರೆ ಮಂಗಳ. ಎರಡು ಪೈಸೆಗೆ ಮೊದಲು ಉಸ್ಮಾನಿ ಅಂತ ಇತ್ತು, ಆಮೇಲೆ ಅದನ್ನು ತೆಗೆದು ಮುಶ್ತರಿ, ಅಂದರೆ ಗುರುಗ್ರಹ, ಅಂತ ಮಾಡಿದ. ಮೂರನೇ ಖಲೀಫರ ಹೆಸರು ತಾಮ್ರದಲ್ಲಿ ಯಾಕೆ ಅಂತ ಯಾರಾದರೂ ಮುಖ ಸಿಂಡರಿಸಿದ್ದರೋ ಏನೋ, ಇದು ನನ್ನ ಊಹೆ ಮಾತ್ರ. ಒಬ್ಬ ಸುನ್ನಿ ದೊರೆ ಖಲೀಫರನ್ನೂ ಇಮಾಮರನ್ನೂ ಒಂದೇ ಥೈಲಿಯಲ್ಲಿ ಹಾಕಿ ಸಂತೆಗೆ ಕಳಿಸಿದ ಅನ್ನೋದು ಊಹೆಯಲ್ಲ, ನಾಣ್ಯದ ಮೇಲೆಯೇ ಇದೆ.

ಇದನ್ನೆಲ್ಲ ಕೂತು ವಿಂಗಡಿಸಿದವರು ಇದೇ ಚೆನ್ನೈಯವರು. ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಜೆ. ಆರ್. ಹೆಂಡರ್ಸನ್ ಹೈದರ್ ಮತ್ತು ಟಿಪ್ಪು ನಾಣ್ಯಗಳ ಮೇಲೆ ಬರೆದ ಪುಸ್ತಕ 1921ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಇವತ್ತಿಗೂ ವ್ಯಾಪಾರಿಗಳು ಅದರ ಝೆರಾಕ್ಸ್ ಇಟ್ಟುಕೊಂಡು ಚೌಕಾಸಿ ಮಾಡುತ್ತಾರೆ.

ಪ್ರದರ್ಶನದಲ್ಲಿ ಎಲ್ಲವೂ ಇತಿಹಾಸ ಅಂತ ತಿಳಿಯಬೇಡಿ. ರಾಮ ಪಟ್ಟಾಭಿಷೇಕವೋ ಹನುಮಂತನೋ ಇರುವ, '1818 ಈಸ್ಟ್ ಇಂಡಿಯಾ ಕಂಪನಿ' ಎಂದು ಬರೆದ ಬಿಲ್ಲೆಗಳನ್ನು ಲಕ್ಷಗಟ್ಟಲೆ ಬೆಲೆ ಅಂತ ಹಿಡಿದುಕೊಂಡು ಜನ ಬರುತ್ತಾರೆ. ಎಲ್ಲ ಈಚಿನ ಕಾಲದ ಸೃಷ್ಟಿ. 786 ನಂಬರಿನ ನೋಟು ಹುಡುಕಿಕೊಂಡು ಬರುವ ನಮ್ಮವರೂ ಕಡಿಮೆಯಿಲ್ಲ. ನನಗೆ ಅದಕ್ಕಿಂತ ಹಜ್ ನೋಟು ಇಷ್ಟ. 1959ರಲ್ಲಿ ರಿಸರ್ವ್ ಬ್ಯಾಂಕು ಹಜ್ ಯಾತ್ರಿಕರಿಗೆಂದೇ ಹತ್ತು ಮತ್ತು ನೂರು ರೂಪಾಯಿಯ ನೋಟು ತೆಗೆದಿತ್ತು, ನಂಬರಿನ ಹಿಂದೆ ಎಚ್‌ಎ ಅಂತ ಇರುತ್ತದೆ. ಗಾಜಿನ ಹಿಂದೆ ನೋಡಿದ್ದೇನೆ. ಬೆಲೆ ಕೇಳುವ ಧೈರ್ಯ ಬರಲಿಲ್ಲ.

ಹೋದ ಸಲ ಒಂದು ಮೇಜಿನ ಮೇಲೆ ಹೈದರಾಲಿಯ ಬಹದ್ದೂರಿ ವರಹ ಇತ್ತು. ಸುಮಾರು ಮೂರೂವರೆ ಗ್ರಾಂ ಚಿನ್ನ, ಬೆರಳ ತುದಿಯಷ್ಟು. ಒಂದು ಕಡೆ ಕೂತ ಶಿವ ಪಾರ್ವತಿ. ಇನ್ನೊಂದು ಕಡೆ ಚುಕ್ಕಿಗಳ ನಡುವೆ ಒಂದೇ ಅಕ್ಷರ, ಹೈದರನ 'ಹೇ'. ಪಕ್ಕದಲ್ಲಿ ನಿಂತಿದ್ದ ಬೆಂಗಳೂರಿನ ಹುಡುಗನೊಬ್ಬ ಕನ್ನಡದಲ್ಲೇ ಹೇಳಿದ, "ಇದು ಹೈದರಾಲಿದಾ? ಚಾನ್ಸೇ ಇಲ್ಲ ಸಾರ್, ಯಾರೋ ಆಮೇಲೆ ಅಕ್ಷರ ಒತ್ತಿರ್ತಾರೆ." ನಾನು ವಿವರಿಸಿದೆ. 1763ರಲ್ಲಿ ಬಿದನೂರು ಹೈದರನ ಕೈಗೆ ಬಂತು. ಇಕ್ಕೇರಿ ವರಹಕ್ಕೆ ಸಂತೆಯಲ್ಲಿ ನಂಬಿಕೆ ಇತ್ತು. ವಿಜಯನಗರದ ಕಾಲದಿಂದ ಬಂದ ಉಮಾಮಹೇಶ್ವರನ ಚಿತ್ರ ಅದು. ಅದನ್ನು ಕೆಡಿಸಿದರೆ ವ್ಯಾಪಾರಿ ಮುಟ್ಟುವುದಿಲ್ಲ. ಹಾಗಾಗಿ ದೇವರನ್ನು ಉಳಿಸಿಕೊಂಡ, ಹಿಂದೆ ತನ್ನ ಹೆಸರಿನ ಒಂದು ಅಕ್ಷರ ಹಾಕಿದ. ಇದೇ ಮದ್ರಾಸಿನಲ್ಲಿ ಇಂಗ್ಲಿಷ್ ಕಂಪನಿಯೂ ವಿಷ್ಣು ಮತ್ತು ಇಬ್ಬರು ದೇವಿಯರಿರುವ 'ಮೂರು ಸ್ವಾಮಿ' ಪಗೋಡ ಹೊಡೆಸುತ್ತಿತ್ತಲ್ಲ? ಅವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಹುಡುಗ "ಇರಬಹುದು" ಅಂದ. ನಂಬಿದ ಹಾಗೆ ಕಾಣಲಿಲ್ಲ. ಆದರೂ ಎರಡೂ ಬದಿಯ ಫೋಟೋ ಹೊಡೆದುಕೊಂಡು ಹೋದ.

ಅವನ ಮೇಲೆ ನಗಲು ನನಗೆ ಬಾಯಿಲ್ಲ. ಅವತ್ತು ಸಂಜೆ ಊರಿಂದ ಬಂದಿದ್ದ ಅಬ್ಬಾಗೆ ಅದೇ ಫೋಟೋ ತೋರಿಸಿದೆ. ಟಿಪ್ಪು ಅಂದರೆ, ಹೈದರ್ ಅಂದರೆ ಎದೆಯುಬ್ಬಿಸುವ ಮನುಷ್ಯ. ಕನ್ನಡಕ ಏರಿಸಿ ನೋಡಿದರು, ಮೊಬೈಲು ಕೆಳಗಿಟ್ಟರು. "ಇದು ನವಾಬರದ್ದಲ್ಲ. ಇಂಥದ್ದೆಲ್ಲ ಮನೆಗೆ ತರಬೇಡ." ತರಲು ನನ್ನ ಹತ್ತಿರ ದುಡ್ಡೆಲ್ಲಿದೆ ಅಂತ ಹೇಳಲಿಲ್ಲ. ಟಿಪ್ಪು ಪಟ್ಟಕ್ಕೆ ಬಂದ ಮೇಲೆ ತನ್ನ ವರಹದಿಂದ ಆ ಚಿತ್ರ ತೆಗೆದ, ಅಪ್ಪನ 'ಹೇ' ಮಾತ್ರ ಉಳಿಸಿಕೊಂಡ ಅಂದೆ. ತಾಮ್ರದ ಆನೆಯನ್ನು ಮುಂದೆ ಒಡೆಯರು ಉಳಿಸಿಕೊಂಡರು ಅಂತಲೂ ಹೇಳಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲಿ ಅದೇ ಆನೆಯ ಮೇಲೆ ಕನ್ನಡದ 'ಶ್ರೀ' ಇದೆ. ಅಬ್ಬಾ ಏನೂ ಮಾತಾಡಲಿಲ್ಲ.

ಮರುದಿನ ಫಜ್ರ್ ನಮಾಜು ಮುಗಿಸಿ ಚಹಾ ಕುಡಿಯುವಾಗ ಅವರೇ ಕೇಳಿದರು. "ನಿನ್ನೆ ತೋರಿಸಿದೆಯಲ್ಲ, ಅದರ ಆ ಕಡೆ ಒಂದು ಅಕ್ಷರ ಇತ್ತು ಅಂದೆ. ತೋರಿಸು."

ತೋರಿಸಿದೆ. ಎರಡು ಬೆರಳಿಂದ ದೊಡ್ಡದು ಮಾಡಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ತಾವೇ ಹಿಂದಕ್ಕೆ ಸರಿಸಿ, ಶಿವ ಪಾರ್ವತಿ ಇದ್ದ ಫೋಟೋವನ್ನೂ ಇನ್ನೊಂದು ಸಲ ನೋಡಿದರು.