ಎದೆನೋವಿನ ಮಾತ್ರೆ ಬಿಪಿಗೆ ಬಂದದ್ದು

ಹಂಪನಕಟ್ಟೆಯಲ್ಲಿ ವೆನ್ಲಾಕ್ ಆಸ್ಪತ್ರೆ ಕಂಡಾಗಲೆಲ್ಲ ನನಗೆ ನೆನಪಾಗುವುದು ಬಿಪಿ ಮಾತ್ರೆಗಳ ಚರಿತ್ರೆ. 1955ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಮಂಗಳೂರಿನಲ್ಲಿ ಶುರುವಾಗಿ, ಅದರ ಹುಡುಗರು ಇಲ್ಲಿನ ವಾರ್ಡುಗಳಲ್ಲಿ ಪಾಠ ಕಲಿಯುವ ಕಾಲಕ್ಕೆ ಬೀಟಾ ಬ್ಲಾಕರ್ ಹುಟ್ಟಿಯೇ ಇರಲಿಲ್ಲ! ಆಗ ಬಿಪಿಗೆ ಹೆಸರಾಗಿದ್ದದ್ದು ನಮ್ಮ ಸರ್ಪಗಂಧದ ಬೇರು. ಮುಂಬೈಯ ಡಾ. ರುಸ್ತುಂ ಜಲ್ ವಕೀಲ್ 1949ರಲ್ಲಿ ಅದರ ಬಗ್ಗೆ ಬ್ರಿಟಿಷ್ ಹಾರ್ಟ್ ಜರ್ನಲಿನಲ್ಲಿ ಬರೆದಿದ್ದರು. ಒತ್ತಡ ಇಳಿಯುತ್ತಿತ್ತು ನಿಜ, ಆದರೆ ಕೆಲವರ ಮನಸ್ಸೂ ಕುಗ್ಗುತ್ತಿತ್ತು.

ಅಡ್ರಿನಲಿನ್ ಕೆಲಸ ಮಾಡುವ ಜಾಗಗಳು ಎರಡು ಬಗೆಯವು, ಆಲ್ಫಾ ಮತ್ತು ಬೀಟಾ ಅಂತ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲೇ ಹೇಳಿದ್ದ. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡವನು ಸ್ಕಾಟ್ಲೆಂಡಿನ ಜೇಮ್ಸ್ ಬ್ಲಾಕ್. ಎದೆನೋವಿನವರ ಹೃದಯಕ್ಕೆ ಹೆಚ್ಚು ಆಮ್ಲಜನಕ ಕೊಡುವ ಬದಲು ಅದರ ದುಡಿಮೆಯನ್ನೇ ಕಡಿಮೆ ಮಾಡಿದರೆ? ಹೀಗೆ ಬಂದದ್ದು 1960ರ ದಶಕದ ಪ್ರೊಪ್ರನೊಲಾಲ್. ಬಿಪಿ ಅವನ ಲೆಕ್ಕದಲ್ಲೇ ಇರಲಿಲ್ಲ. ಆದರೆ ಒತ್ತಡವೂ ಇಳಿಯುತ್ತದೆ ಅಂತ 1964ರಲ್ಲಿ ಲಂಡನ್ನಿನ ಬ್ರಿಯಾನ್ ಪ್ರಿಚರ್ಡ್ ಬರೆದ.

ವಿಚಿತ್ರ ಇರುವುದು ಇಲ್ಲೇ ನೋಡಿ. ಈ ಮಾತ್ರೆ ರಕ್ತನಾಳಗಳನ್ನು ಹಿಗ್ಗಿಸುವುದಿಲ್ಲ. ಶುರುವಿನಲ್ಲಿ ಕೈಕಾಲಿನ ನಾಳಗಳು ಕೊಂಚ ಬಿಗಿಯುವುದೂ ಉಂಟು. ನಮ್ಮ ಸೆಕೆಯಲ್ಲೂ ಕೆಲವರ ಬೆರಳು ತಣ್ಣಗಾಗುವುದು ಅದಕ್ಕೇ :) ಮತ್ತೆ ಒತ್ತಡ ಹೇಗೆ ಇಳಿಯುತ್ತದೆ? ಹೃದಯ ನಿಧಾನವಾಗಿ, ಮೆತ್ತಗೆ ಬಡಿದು ಕಡಿಮೆ ರಕ್ತ ದೂಡುತ್ತದೆ. ಮೂತ್ರಪಿಂಡ ಬಿಡುವ ರೆನಿನ್ ಕಡಿಮೆಯಾಗುತ್ತದೆ. ನಾಳ ಬಿಗಿಸುವ, ಉಪ್ಪು ಹಿಡಿದಿಡುವ ಸರಪಳಿ ಶುರುವಾಗುವುದೇ ರೆನಿನ್‌ನಿಂದ. ದಿನ ಕಳೆದಂತೆ ನಾಳಗಳ ಬಿಗಿತವೂ ಸಡಿಲುತ್ತದೆ. ಆದರೆ ಶ್ವಾಸನಾಳದಲ್ಲೂ ಬೀಟಾ ಜಾಗಗಳಿವೆ. ಹಾಗಾಗಿ ಪ್ರೊಪ್ರನೊಲಾಲ್ ಅಸ್ತಮಾದವರಿಗೆ ಅಪಾಯ.

ಬ್ಲಾಕ್‌ಗೆ 1988ರಲ್ಲಿ ನೊಬೆಲ್ ಬಂತು. 2006ರಲ್ಲಿ ಬ್ರಿಟನ್ನಿನ ಮಾರ್ಗಸೂಚಿ ಬರೀ ಬಿಪಿ ಇರುವವರಿಗೆ ಇದನ್ನು ಮೊದಲ ಆಯ್ಕೆಯಿಂದ ಕೈಬಿಟ್ಟಿತು. ಪಾರ್ಶ್ವವಾಯು ತಡೆಯುವುದರಲ್ಲಿ ಬೇರೆ ಮಾತ್ರೆಗಳು ಮುಂದಿದ್ದವು. ಎದೆನೋವು, ಹೃದಯದ ವೈಫಲ್ಯ ಇರುವವರಿಗೆ ಈಗಲೂ ಕೊಡುತ್ತಾರೆ.

ನಮ್ಮ ಮಾವ, "ಬಿಪಿ ನಾರ್ಮಲ್ ಉಂಟಲ್ಲ ಮಾರಾಯ" ಅಂತ ತಾವೇ ಮಾತ್ರೆ ನಿಲ್ಲಿಸಿದ್ದರು. ಮೂರನೇ ದಿನ ಎದೆ ಡವಡವ. ಇಷ್ಟು ದಿನ ತಡೆದಿಟ್ಟ ಜಾಗಗಳು ಅಡ್ರಿನಲಿನ್‌ಗೆ ಇನ್ನಷ್ಟು ಚುರುಕಾಗಿ ಓಗೊಡುತ್ತವಂತೆ, ಹೃದಯಾಘಾತವೂ ಆಗಬಹುದಂತೆ. ಡಾಕ್ಟರು ಬೈದು ಮತ್ತೆ ಶುರುಮಾಡಿಸಿದರು. ಬಿಡುವುದಾದರೂ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು, ಅದೂ ಅವರನ್ನು ಕೇಳಿಯೇ.