ಕಾಯಿ ಹಣ್ಣಾಗುವ ಆಟ

ಅಡುಗೆಮನೆಯಿಂದ ‘ಕಾಯಿ ತಾ’ ಎಂಬ ಕೂಗು ಬಂದರೆ ಯಾವ ಕಾಯಿ ಎಂದು ಯಾರೂ ಕೇಳುವುದಿಲ್ಲ, ತೆಂಗಿನಕಾಯಿಯೇ. ಅದೇ ಕೂಗು ಬೇಸಿಗೆ ರಜೆಯ ಮಧ್ಯಾಹ್ನ ನಡುಮನೆಯಿಂದ ಬಂದರೆ ಅರ್ಥವೇ ಬೇರೆ. ಆಗ ಬೇಕಾಗಿದ್ದುದು ಬಳೆಚೂರು, ಅಂಗಿಯ ಗುಂಡಿ, ಕಡಲೆಕಾಳು, ಸೀಮೆಸುಣ್ಣದ ತುಂಡು. ಒಬ್ಬೊಬ್ಬರಿಗೆ ನಾಲ್ಕು ನಾಲ್ಕು. ಇದರಲ್ಲಿ ಒಂದೂ ಕಾಯಿಯಲ್ಲ. ನೆಲದ ಮೇಲೆ ಬರೆದ ಚೌಕಾಬಾರದ ಮನೆಯೊಳಗೆ ಇಟ್ಟರೆ ಮಾತ್ರ ಎಲ್ಲವೂ ಕಾಯಿ.

1980ರ ದಶಕದ ರಜೆಗಳನ್ನು ಅಜ್ಜಿಮನೆಯಲ್ಲಿ ಕಳೆದವರಿಗೆ ಈ ಆಟ ವಿವರಿಸಬೇಕಿಲ್ಲ. ಉಳಿದವರಿಗಾಗಿ: ಐದಕ್ಕೆ ಐದರಂತೆ 25 ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಟ್ಟನಡುವೆ ಒಂದು. ಗರ ಹಾಕಲು ನಾಲ್ಕು ಕವಡೆ; ಕವಡೆ ಸಿಗದಿದ್ದರೆ ಹುಣಿಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡರಾಯಿತು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಬಾರ ಎಂದರೆ ಎಂಟು. ಹಿಂದಿ ಬಲ್ಲ ಸೊಸೆಯೊಬ್ಬಳು ಮನೆಗೆ ಬಂದು ‘ಬಾರಹ್ ಅಂದರೆ ಹನ್ನೆರಡಲ್ಲವೇ?’ ಎಂದು ಕೇಳಿದರೆ ಆಟ ಅರ್ಧ ಗಂಟೆ ನಿಲ್ಲುವುದು ಖಂಡಿತ.

ಕಾಯಿ ಎಂಬ ಮಾತಿನ ನಿಜವಾದ ಸೊಗಸು ಇರುವುದು ನಡುಮನೆಯಲ್ಲಿ. ಹೊರಸುತ್ತು ಮುಗಿಸಿ, ಒಳಸುತ್ತಿಗೆ ತಿರುಗಿ, ಲೆಕ್ಕಕ್ಕೆ ಸರಿಯಾದ ಗರ ಬಿದ್ದು ಕಾಯಿ ನಡುವೆ ಸೇರಿದರೆ ಅದು ‘ಹಣ್ಣಾಯಿತು’. ಗೆದ್ದಿತು ಎನ್ನುವುದಿಲ್ಲ, ಮುಟ್ಟಿತು ಎನ್ನುವುದಿಲ್ಲ. ‘ಎರಡು ಬಿದ್ದರೆ ಹಣ್ಣು’ ಎಂದು ಕವಡೆಯನ್ನು ಅಂಗೈಯಲ್ಲಿ ಕುಲುಕುತ್ತಾ ಅಜ್ಜಿ ಹೇಳುವಾಗ ಅದನ್ನು ರೂಪಕ ಎಂದು ಯಾರೂ ಭಾವಿಸುತ್ತಿರಲಿಲ್ಲ. ಅದು ಆಟದ ಲೆಕ್ಕ, ಅಷ್ಟೇ. ಇಷ್ಟು ಸಾಧು ಮಾತಿನ ಪಕ್ಕದಲ್ಲೇ ಇನ್ನೊಂದು ಮಾತಿದೆ: ಕಡಿಯುವುದು. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದವನಿಗೆ ಒಳಸುತ್ತಿಗೆ ದಾರಿಯೇ ಇಲ್ಲ. ಬೇರೆಯವರ ಕಾಯಿ ಕಡಿದೇ ನಮ್ಮ ಕಾಯಿ ಹಣ್ಣಾಗಬೇಕು. ಮಕ್ಕಳಿಗೆ ಒಳ್ಳೆಯ ಬುದ್ಧಿ ಕಲಿಸುವ ಆಟ ಎಂದು ಇದನ್ನು ಹೊಗಳುವವರು ಈ ನಿಯಮವನ್ನು ಮೆಲ್ಲಗೆ ಮರೆಯುತ್ತಾರೆ.

ಎಲ್ಲ ಕಾಯಿಗೂ ಹಣ್ಣಾಗುವ ಭಾಗ್ಯವಿಲ್ಲ. ಚದುರಂಗದಲ್ಲೂ ಕಾಯಿ ಇವೆ, ಆದರೆ ಅವು ಆನೆ, ಕುದುರೆ, ಕಾಲಾಳು, ಅಂದರೆ ಸೈನ್ಯ. ಕಾಲಾಳು ಕೊನೆಯ ಸಾಲು ತಲುಪಿದರೆ ಬಡ್ತಿ ಸಿಗುತ್ತದೆ, ಮಾಗುವ ಮಾತಿಲ್ಲ. ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ಹಾಯಿಸುವ ಚಮತ್ಕಾರದಲ್ಲಿ ಪಳಗಿದ್ದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಇಡೀ ಆಟಗಳಿಗೇ ಮೀಸಲು. ಅರಮನೆಯ ಆ ಕುದುರೆ ಎಷ್ಟು ಮನೆ ಸುತ್ತಿದರೂ ಕಾಯಿಯಾಗಿಯೇ ಉಳಿಯಿತು.

ಇಸ್ಪೀಟಿನಲ್ಲಿ ಕಾಯಿಯೂ ಇಲ್ಲ, ಹಣ್ಣೂ ಇಲ್ಲ, ಬರೀ ಎಲೆ. ಎಲೆ ಕಲಸುತ್ತೇವೆ, ಎಲೆ ಹಂಚುತ್ತೇವೆ. ರಜೆಯಲ್ಲಿ ‘ಕತ್ತೆ’ ಆಡುವ ಮಕ್ಕಳ ಕೈಯಲ್ಲಿದ್ದಾಗ ಅದೂ ಮನೆಯ ಮಾತೇ. ಆದರೆ ಅಂದರ್-ಬಾಹರ್ ಅಡ್ಡೆಗಳ ಮೇಲಿನ ಪೊಲೀಸ್ ದಾಳಿಯ ಸುದ್ದಿಯಲ್ಲಿ ಪದೇ ಪದೇ ಕಾಣಿಸಿಕೊಂಡು ಎಲೆಯ ಹೆಸರು ಕೆಟ್ಟಿತು. ಪಗಡೆಯಾಟಕ್ಕೆ ಹಳಗನ್ನಡದಲ್ಲಿದ್ದ ‘ನೆತ್ತ’ ಎಂಬ ಮಾತಿನ ಪಾಡು ಇನ್ನೂ ಕಷ್ಟ. ಪಂಪನ ಭಾರತದಲ್ಲಿ ಭಾನುಮತಿ ಸೋಲುವುದು ನೆತ್ತದಲ್ಲಿ. ಇವತ್ತು ಆ ಪದ ಕನ್ನಡ ಎಂ.ಎ. ತರಗತಿಯ ಹೊರಗೆ ಬದುಕಿಲ್ಲ. ಕಾಯಿ ಮಾತ್ರ ಅಡುಗೆಮನೆಯ ಆಸರೆಯಿಂದಲೋ ಏನೋ ಉಳಿದುಕೊಂಡಿತು. ಕೇರಂ ಬಂದಾಗ ಅದರ ಬಿಲ್ಲೆಗಳನ್ನು ಕೆಲವರು ಕಾಯಿ ಎಂದರು, ಇಂಗ್ಲಿಷ್ ಶಾಲೆಯವರು ಕಾಯಿನ್ ಎಂದರು. ಒಂದು ನಕಾರದ ವ್ಯತ್ಯಾಸ, ಆಟಕ್ಕೇನೂ ತೊಂದರೆಯಾಗಲಿಲ್ಲ.

ಲೂಡೊ ಪೆಟ್ಟಿಗೆ ಮನೆಗೆ ಬಂದದ್ದೂ ಆಗಲೇ. ರಟ್ಟಿನ ಒಂದು ಮಗ್ಗುಲಲ್ಲಿ ಲೂಡೊ, ಇನ್ನೊಂದರಲ್ಲಿ ಹಾವು-ಏಣಿ. ನಡುವಿನ ಚೌಕದಲ್ಲಿ ಹೋಮ್ ಎಂದು ಅಚ್ಚಾಗಿತ್ತು. ಅದನ್ನು ಓದಿದವರೂ ಆಡುವಾಗ ಅಂದದ್ದು ಹಣ್ಣು ಎಂದೇ. ಹಸಿರು ಪ್ಲಾಸ್ಟಿಕ್ಕೂ ಹಣ್ಣಾಯಿತು.

ಹಣ್ಣಾಗುವುದಕ್ಕೆ ಕನ್ನಡದಲ್ಲಿ ಇನ್ನೊಂದು ಮುಖವೂ ಇದೆ ಎಂಬುದನ್ನು ಮರೆಯಬಾರದು. ದುಡಿದು ಸುಸ್ತಾದವರೂ ಹಣ್ಣಾಗುತ್ತಾರೆ, ತೊಂಬತ್ತು ದಾಟಿದವರು ಹಣ್ಣುಹಣ್ಣು ಮುದುಕರು, ಒದೆ ತಿಂದವನು ಹಣ್ಣುಗಾಯಿ ನೀರುಗಾಯಿ. ಒಳಸುತ್ತಿನಲ್ಲಿ ಹಣ್ಣಿಗೆ ಒಂದೇ ಮನೆ ಬಾಕಿ ಇರುವಾಗ ಕಡಿಸಿಕೊಂಡು ಮತ್ತೆ ಮೊದಲಿನಿಂದ ಹೊರಟ ಕಾಯಿಯ ಒಡೆಯನಿಗೆ ಈ ಕೊನೆಯ ಮಾತು ಚೆನ್ನಾಗಿ ಒಪ್ಪುತ್ತದೆ. ಆಟದಲ್ಲಿ ಹಣ್ಣಾದ ಕಾಯಿಗೂ ಕೆಲಸವಿಲ್ಲ. ಅದನ್ನು ಯಾರೂ ಕಡಿಯಲಾರರು, ಅದು ಯಾರನ್ನೂ ಕಡಿಯಲಾರದು.

2020ರ ಲಾಕ್‌ಡೌನ್‌ನಲ್ಲಿ ಲೂಡೊ ಫೋನಿನೊಳಗೆ ಹೊಸ ಜನ್ಮ ಪಡೆಯಿತು. ಅಲ್ಲಿ ಕಾಯಿ ಟೋಕನ್ ಆಗಿದೆ. ಅದಕ್ಕೆ ನನ್ನ ತಕರಾರಿಲ್ಲ. ಮನೆ ಎಣಿಸುವ ಕೆಲಸವನ್ನೂ ಫೋನೇ ಮಾಡುತ್ತದಲ್ಲ, ತಕರಾರು ಅದರ ಬಗ್ಗೆ. ಬೇಕಾದಾಗ ನಿಂತ ಮನೆಯನ್ನೂ ಸೇರಿಸಿ ಎಣಿಸುವ, ಬೇಡವಾದಾಗ ಬಿಟ್ಟು ಎಣಿಸುವ ಚಿಕ್ಕಪ್ಪನೊಬ್ಬ ಪ್ರತಿ ಮನೆಯಲ್ಲೂ ಇದ್ದ. ಆ ವಿದ್ಯೆ ಇರದಿದ್ದರೆ ನಮ್ಮ ಚಿಕ್ಕಪ್ಪನ ಒಂದು ಕಾಯಿಯೂ ಹಣ್ಣಾಗುತ್ತಿರಲಿಲ್ಲ.